ಡಬ್ಬಿಯಲ್ಲಿ ಬಂದ ಎರಡು ಮೊಟ್ಟೆ

ಜೀವಶಾಸ್ತ್ರದ ಟೀಚರಿನ ಮನೆಯಲ್ಲಿ ಜೀವಶಾಸ್ತ್ರದ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಅಡ್ಯಾರಿನ ಒಂದು ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಕಲಿಸುತ್ತಿದ್ದೇನೆ. ತಂದೆತಾಯಿಯಿಂದ ಮಕ್ಕಳಿಗೆ ಗುಣ ಹೇಗೆ ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಬಲಭುಜ ನೋವು ತಂದುಕೊಂಡಿದ್ದೇನೆ. ಮಕ್ಕಳು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಸಂಜೆ ೨೯ಸಿ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡಿಕೊಂಡು ಪೆರಂಬೂರಿಗೆ ಬಂದು ಮೆಟ್ಟಿಲು ಹತ್ತಿದರೆ, ನಾನು ಹಗಲೆಲ್ಲ ಹೇಳಿಕೊಟ್ಟದ್ದಕ್ಕೆ ತದ್ವಿರುದ್ಧವಾದದ್ದು ನಮ್ಮ ತಾರಸಿಯ ಮೇಲೆ ನಡೆಯುತ್ತಿರುತ್ತಿತ್ತು. ನಡೆಸುವವರು ಬೇರೆ ಯಾರೂ ಅಲ್ಲ, ನನ್ನ ಗಂಡ.

ನಮ್ಮದು ಉಡುಪಿ ಕಡೆಯ ಮನೆತನ. ನನ್ನ ಮಾವ ರೈಲ್ವೆ ವರ್ಕ್‌ಶಾಪಿನ ಹತ್ತಿರ ಸಸ್ಯಾಹಾರಿ ಹೋಟೆಲು ತೆರೆದರು. ಕೆಳಗೆ ಹೋಟೆಲು, ಅದರ ಮೇಲೆ ಮನೆ, ಮನೆಯ ಮೇಲೆ ಪಾರಿವಾಳದ ಗೂಡು. ಈ ಮೂರನೆಯದನ್ನು ಅವರಿಗೆ ಅಂಟಿಸಿದವರು ಬೆಳಗ್ಗೆ ಇಡ್ಲಿ ತಿನ್ನಲು ಬರುತ್ತಿದ್ದ ವರ್ಕ್‌ಶಾಪಿನ ಕೆಲಸಗಾರರು. ಉತ್ತರ ಚೆನ್ನೈಯಲ್ಲಿ ಪಾರಿವಾಳದ ಪಂದ್ಯ ಎಂದರೆ ಒಂದು ಹುಚ್ಚು. ಹಕ್ಕಿಗಳನ್ನು ಬುಟ್ಟಿಯಲ್ಲಿ ತುಂಬಿ ಉತ್ತರಕ್ಕೆ ಕಳಿಸಿ, ಅಲ್ಲಿ ಹಾರಿಬಿಡುತ್ತಾರೆ. ಇಲ್ಲಿ ಗಂಡಸರು ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಾ ಕೂರುತ್ತಾರೆ. ಯಾರ ಹಕ್ಕಿ ಮೊದಲು ಮನೆ ಸೇರಿತೋ ಅವರು ಆ ವರ್ಷದ ರಾಜ.

ಮಾವ ಒಮ್ಮೆ ಹಾಗೆ ರಾಜರಾಗಿದ್ದರು. ನಾಗಪುರದಿಂದ ಬಿಟ್ಟ ಹಕ್ಕಿಗಳಲ್ಲಿ ಒಂದೂ ಬಾರದೆ, ಎಲ್ಲರೂ ಆಸೆ ಬಿಟ್ಟ ನಾಲ್ಕನೆಯ ದಿನ, ಮಾವನ ಒಂದು ಹೆಣ್ಣು ಪಾರಿವಾಳ ಗಿಡುಗ ಹರಿದ ಎದೆಯೊಂದಿಗೆ ಬಂದು ಗೂಡಿನ ಬಾಗಿಲಲ್ಲಿ ಕುಳಿತಿತು. ಬೂದು ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ, ಮುತ್ತಿನ ಹಾಗೆ ಬೆಳ್ಳನೆ ಕಣ್ಣು. ಮಾವ ತಮ್ಮ ಮದುವೆಯ ದಿನವನ್ನು ಮರೆತರೂ ಆ ದಿನವನ್ನು ಮರೆಯಲಿಲ್ಲ. ಎಂಟು ವರ್ಷದ ಹಿಂದೆ ಅವರು ಕೊನೆಯ ಸಲ ಹಾಸಿಗೆ ಹಿಡಿದಾಗ ಮಗನ ಕೈ ಹಿಡಿದುಕೊಂಡು ಹೋಟೆಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆ ಹೆಣ್ಣಿನ ರಕ್ತ ಬೆರಕೆ ಮಾಡ್ಬೇಡ ಮಗಾ," ಎಂದರು. ನನ್ನ ಗಂಡ ಆಯಿತು ಎಂದರು. ಆ ಒಂದು 'ಆಯಿತು' ನನ್ನ ಎಂಟು ವರ್ಷದ ನೆಮ್ಮದಿಯನ್ನು ತಿಂದುಹಾಕಿತು.

ಬೆರಕೆ ಮಾಡಬಾರದು ಎಂದರೆ ಏನರ್ಥ? ಆ ಹೆಣ್ಣಿಗೆ ಅದರ ಮಗನನ್ನೇ ಜೋಡಿ ಮಾಡುವುದು. ಹುಟ್ಟಿದ ಮರಿಗಳಲ್ಲಿ ಅಣ್ಣ ತಂಗಿಯನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡುವುದು. ಅವಕ್ಕೆ ಹುಟ್ಟಿದ್ದನ್ನು ಮತ್ತೆ ಅವಕ್ಕೇ. ಇದಕ್ಕೆಲ್ಲ ಇವರ ಹತ್ತಿರ ಉದ್ದನೆಯ ಒಂದು ವಂಶಾವಳಿ ಪುಸ್ತಕವಿತ್ತು. ಯಾವ ಮರಿಯ ಕಾಲಿಗೆ ಯಾವ ನಂಬರಿನ ಉಂಗುರ, ಅದರ ಅಪ್ಪ ಯಾರು, ಅಮ್ಮ ಯಾರು ಎಂದು ಕೆಂಪು ನೀಲಿ ಶಾಯಿಯಲ್ಲಿ ಬರೆಯುತ್ತಿದ್ದರು. ಮೂರು ಪುಟ ಹಿಂದಕ್ಕೆ ತಿರುಗಿಸಿದರೆ ಎಲ್ಲ ಗೆರೆಗಳೂ ಅದೇ ಒಂದು ಹಕ್ಕಿಗೆ ಹೋಗಿ ಸೇರುತ್ತಿದ್ದವು. ಅದನ್ನು ನೋಡಿ ಇವರಿಗೆ ಹೆಮ್ಮೆ, ನನಗೆ ಮೈ ಉರಿ.

ಒಂದು ಸಂಜೆಯ ಮಾತು ಹೇಳಲೇಬೇಕು. ನೆಂಟರ ಪೈಕಿ ಒಬ್ಬ ಹುಡುಗನಿಗೆ ಹೆಣ್ಣು ನೋಡುತ್ತಿದ್ದರು. ಚಂದದ ಹುಡುಗಿ, ಓದಿದವಳು, ಎರಡೂ ಮನೆಗೆ ಒಪ್ಪಿಗೆ. ಫೋನಿನಲ್ಲಿ ಇವರು ಗೋತ್ರ ಕೇಳಿದರು. ಒಂದೇ ಎಂದು ತಿಳಿಯಿತು. "ಛೆ ಛೆ, ಸಗೋತ್ರ. ಆಗ್ಲಿಕ್ಕೇ ಇಲ್ಲ. ಅಣ್ಣ ತಂಗಿ ಆದ ಹಾಗೆ ಆಯ್ತಲ್ಲ!" ಎಂದು ಮುಕ್ಕಾಲು ಗಂಟೆ ಉಪದೇಶ ಮಾಡಿ ಫೋನಿಟ್ಟರು. ಇಟ್ಟವರು ನೇರ ತಾರಸಿಗೆ ಹೋಗಿ, ಒಂದೇ ಹೊಟ್ಟೆಯ ಎರಡು ಪಾರಿವಾಳಗಳನ್ನು ಹಿಡಿದು ಒಂದು ಪೆಟ್ಟಿಗೆಗೆ ಹಾಕಿ ಬಾಗಿಲು ಮುಚ್ಚಿದರು. ನಾನು ಒಣಗಿದ ಬಟ್ಟೆ ತೆಗೆಯುತ್ತಾ ಅಲ್ಲೇ ನಿಂತಿದ್ದೆ.

"ನಿಮಗೆ ಮಂಡೆ ಸಮ ಉಂಟಾ?" ಎಂದೆ. "ಗೋತ್ರ ಮನುಷ್ಯರಿಗೆ ಮಾತ್ರವಾ?"

"ಅದು ಶಾಸ್ತ್ರ ಮಾರಾಯ್ತಿ," ಎಂದರು ಬಹಳ ತಾಳ್ಮೆಯಿಂದ. "ಇದು ಬ್ರೀಡಿಂಗ್."

ಇಂಥವರಿಗೆ ಏನು ಹೇಳುವುದು? ನಾನು ಹೇಳಿದೆ. ಒಂದು ಸಲವಲ್ಲ, ನೂರು ಸಲ. ಒಂದು ಹಿಂಡಿನ ಹಕ್ಕಿಗಳೆಲ್ಲ ಒಳಗಿನಿಂದ ಒಂದೇ ಥರ ಇದ್ದರೆ, ಒಂದೇ ಬೀಗದ ಕೈಯಿಂದ ಎಲ್ಲ ಕೋಣೆಗಳನ್ನೂ ತೆರೆಯಬಹುದಾದ ಮನೆಯ ಹಾಗೆ. ಕಳ್ಳನಿಗೆ ಒಂದು ಕೈ ಸಿಕ್ಕಿದರೆ ಸಾಕು. ಒಂದೊಂದು ಹಕ್ಕಿಯ ಒಳಗೂ ಬೇರೆ ಬೇರೆ ಬೀಗ ಇದ್ದರೆ, ರೋಗ ಕೆಲವಕ್ಕೆ ನುಗ್ಗುತ್ತದೆ, ಕೆಲವು ಉಳಿಯುತ್ತವೆ, ಉಳಿದವುಗಳಿಂದ ಹಿಂಡು ಮತ್ತೆ ಬೆಳೆಯುತ್ತದೆ. ನನ್ನ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ನಿಮಿಷದಲ್ಲಿ ಅರ್ಥವಾಗುವ ಸಂಗತಿ. ಇವರು ತಲೆಯಾಡಿಸಿ, "ಹೌದು, ಬೇರೆಯವರ ಹಕ್ಕಿಗೆ ಹಾಗೆ," ಎಂದರು. ನಮ್ಮ ಮಗಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಆದರೆ ಬಾಯಿ ತೆರೆದರೆ ತಮಿಳು. "ವಿಡುಮ್ಮಾ, ಅಪ್ಪಾ ಕೇಕ್ಕವೇ ಮಾಟ್ಟಾರು," ಎಂದಳು. ಬಿಡು, ಅಪ್ಪ ಕೇಳುವುದೇ ಇಲ್ಲ ಎಂದು. ಅವಳಿಗೆ ಬಿಡುವುದು ಸುಲಭ. ನನಗೆ ಬಿಡಲು ಆಗುತ್ತಿರಲಿಲ್ಲ, ಅದಕ್ಕೆ ಕಾರಣವಿತ್ತು.

ನನ್ನ ಗಂಡ ನನ್ನ ಸೋದರತ್ತೆಯ ಮಗ. ಗೋತ್ರ ಬೇರೆ ಬೇರೆ, ಆದ್ದರಿಂದ ಶಾಸ್ತ್ರಕ್ಕೆ ಏನೂ ತೊಂದರೆ ಇರಲಿಲ್ಲ. ಅವರ ಅಮ್ಮನ ಅಪ್ಪನೂ ನನ್ನ ಅಪ್ಪನ ಅಪ್ಪನೂ ಒಬ್ಬನೇ ಮುದುಕ ಎಂಬುದನ್ನು ಯಾರೂ ದೊಡ್ಡದು ಮಾಡಲಿಲ್ಲ. ಬಿ.ಎಸ್ಸಿ. ಮುಗಿಸಿದ್ದ ನಾನೂ ಮಾಡಲಿಲ್ಲ. ಅತ್ತೆಯ ಮನೆ, ಕಂಡುಂಡ ಜನ, ಇವರೂ ನೋಡಲು ಚೆನ್ನಾಗಿದ್ದರು. ನಮ್ಮ ಮೊದಲ ಮಗು ಹತ್ತೊಂಬತ್ತು ದಿನ ಬದುಕಿತ್ತು. ಗಂಡು. ಹಾಲು ಕುಡಿದ ಮೇಲೆ ಸೋತು ಮಲಗುತ್ತಿದ್ದ, ಒಂದು ದಿನ ಏಳಲಿಲ್ಲ. ಹುಟ್ಟಿನಿಂದಲೇ ಒಳಗೆ ಏನೋ ಕೊರತೆ ಎಂದರು ಡಾಕ್ಟರು, ಏನು ಎಂದು ಹೇಳಲು ಅವರಿಗೂ ಆಗಲಿಲ್ಲ.

ಎರಡು ತಿಂಗಳ ಮೇಲೆ ನಾನು ಆಸ್ಪತ್ರೆಯ ಕಾಗದಗಳನ್ನು ತೆಗೆದು ಓದಿದೆ. ಅದರಲ್ಲಿ ಒಂದು ಪ್ರಶ್ನೆ ಇತ್ತು: ತಂದೆತಾಯಿ ರಕ್ತಸಂಬಂಧಿಗಳೇ? ಎದುರಿಗೆ, ಇಲ್ಲ ಎಂದು ಬರೆದಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಹೇಳಿದ್ದರೆ ಅವರು ಬೇರೆ ಏನಾದರೂ ಪರೀಕ್ಷೆ ಮಾಡಿಸುತ್ತಿದ್ದರೇನೋ, ಮಗು ಉಳಿಯುತ್ತಿತ್ತೇನೋ, ಇಲ್ಲವೇನೋ. ಆವತ್ತಿನಿಂದ ಮುಖವೇ ನೋಡದ ಒಬ್ಬ ನರ್ಸಿನ ಮೇಲೆ ನನಗೆ ಸಿಟ್ಟು. ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ: ಕೇಳದೆ ಬರೆಯಬೇಡಿ, ನೋಡದೆ ಬರೆಯಬೇಡಿ, ಒಬ್ಬಳು ನರ್ಸು ಹೀಗೆ ಸುಮ್ಮನೆ ಗೀಚಿದ್ದರಿಂದ ಒಂದು ಮನೆಯಲ್ಲಿ ಏನಾಯಿತು ಗೊತ್ತಾ? ಆ ಮನೆ ಯಾರದು ಎಂದು ಮಕ್ಕಳಿಗೆ ಹೇಳುವುದಿಲ್ಲ. ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ ಬೆಳೆದಳು. ಆ ಮೊದಲ ಮಗುವಿನ ಮಾತು ತೆಗೆದಾಗಲೆಲ್ಲ ಇವರು ಎದ್ದು ತಾರಸಿಗೆ ಹೋಗುತ್ತಿದ್ದರು.

ಆದ್ದರಿಂದ ತಾರಸಿಯ ಮೇಲೆ ಕಾಲು ಸೊಟ್ಟಗಿನ ಮರಿ ಹುಟ್ಟಿದಾಗ, ಕೊಕ್ಕು ಕೂಡದ ಮರಿ ಹುಟ್ಟಿದಾಗ, ಹದಿನೆಂಟು ದಿನ ಕಾವು ಕೂತ ತಾಯಿಯ ಕೆಳಗಿನ ಮೊಟ್ಟೆ ಒಡೆಯದೇ ಹೋದಾಗ ನನಗೆ ತಡೆಯಲು ಆಗುತ್ತಿರಲಿಲ್ಲ. ಬೆಳಗ್ಗೆ ಐದಕ್ಕೆ ಇವರು ಹೋಟೆಲಿಗೆ ಇಳಿಯುತ್ತಾರೆ, ಆಗ ಗೂಡಿನ ನೀರು, ಕಾಳು, ಮೊಟ್ಟೆ ನೋಡುವ ಕೆಲಸ ನನ್ನದು. ಅಂದರೆ ಒಡೆಯದ ಮೊಟ್ಟೆ ಎತ್ತಿ ಎಸೆಯುವ ಕೆಲಸವೂ ನನ್ನದೇ. ಇವರು ಪುಸ್ತಕದಲ್ಲಿ 'ಕೆಟ್ಟಿತು' ಎಂದು ಬರೆದು, "ಈ ಸಲ ಸೆಕೆ ಜಾಸ್ತಿ," ಎನ್ನುತ್ತಿದ್ದರು. ಮಳೆಗಾಲದಲ್ಲಿ ಕೆಟ್ಟರೆ ತಂಡಿ ಜಾಸ್ತಿ. ಏನೂ ಸಿಗದಿದ್ದರೆ ಪಕ್ಕದ ಕಟ್ಟಡದ ಮೊಬೈಲ್ ಟವರ್. ತಪ್ಪು ಎಲ್ಲಿ ಬೇಕಾದರೂ ಇರಬಹುದು, ಅಪ್ಪನ ಮಾತಿನಲ್ಲಿ ಮಾತ್ರ ಇರುವ ಹಾಗಿಲ್ಲ.

ಅಂಥ ಹೊತ್ತಿನಲ್ಲಿ ರಾಯಪುರಂನ ಯಜಮಾನರು ಬಂದರು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು, ಅವರೂ ಪಾರಿವಾಳದ ಹುಚ್ಚರು. ಅವರ ಒಂದು ಹಕ್ಕಿ ದಾರಿ ತಪ್ಪಿ ನಮ್ಮ ಗೂಡಿಗೆ ಇಳಿದಿತ್ತು. ಹಾಗೆ ಬಂದ ಹಕ್ಕಿಯ ಉಂಗುರದ ನಂಬರು ನೋಡಿ ಯಜಮಾನನಿಗೆ ತಿಳಿಸುವುದು ಈ ಹುಚ್ಚರ ನಡುವಿನ ಮರ್ಯಾದೆ. ತೆಗೆದುಕೊಂಡು ಹೋಗಲು ಅವರು ಬಂದಾಗ ಇವರು ಹೋಟೆಲಿನಲ್ಲಿದ್ದರು, ನಾನು ತಾರಸಿಗೆ ಕರೆದುಕೊಂಡು ಹೋದೆ. ರಾಯಪುರಂನವರ ಹಕ್ಕಿಗಳನ್ನು ಕಂಡರೆ ಇವರಿಗೆ ತಾತ್ಸಾರ. ಕೆಂಪು, ಕಪ್ಪು, ಚುಕ್ಕೆ, ಎಲ್ಲ ಥರದ್ದೂ ಸಾಕುತ್ತಾರೆ ಎಂದು ಅವರ ಗೂಡಿಗೆ 'ಮಿಕ್ಸ್ಚರ್ ಪೊಟ್ಟಣ' ಎಂದು ಹೆಸರಿಟ್ಟಿದ್ದರು. ಆ ಮನುಷ್ಯ ನಮ್ಮ ಸೊಟ್ಟಕಾಲಿನ ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಅದರ ಕಾಲನ್ನು ಬೆರಳಿನಿಂದ ಸವರಿ ನೋಡಿದರು.

"ರತ್ತಂ ಮಾತ್ತಣುಂ ಅಮ್ಮಾ," ಎಂದರು. ರಕ್ತ ಬದಲಾಗಬೇಕು. "ಎಲ್ಲಾಂ ಒರೇ ಮಾದಿರಿ ಇರುಂದಾ, ಒರೇ ನಾಳ್ಲ ಎಲ್ಲಾಂ ಪೋಯಿಡುಂ."

ಎಲ್ಲ ಒಂದೇ ಥರ ಇದ್ದರೆ ಒಂದೇ ದಿನ ಎಲ್ಲವೂ ಹೋಗುತ್ತವೆ. ನಾನು ಬೋರ್ಡಿನ ತುಂಬ ಬರೆಯುವುದನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದರು. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು. ಹೋಗುವಾಗ ಆವತ್ತು ಮಾಡಿದ್ದ ಪತ್ರೊಡೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಟ್ಟೆ. ಕೆಸುವಿನ ಎಲೆಗೆ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸುವ ಈ ತಿಂಡಿಯನ್ನು ಅವರು ಅದುವರೆಗೆ ಕಂಡಿರಲಿಲ್ಲವಂತೆ.

ನಾಲ್ಕು ದಿನದ ಮೇಲೆ ಡಬ್ಬಿ ವಾಪಸು ತಂದರು. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ಪದ್ಧತಿ ಅವರಲ್ಲೂ ಇದೆ. ತೆರೆದು ನೋಡಿದರೆ ಹತ್ತಿಯ ನಡುವೆ ಎರಡು ಬೆಳ್ಳನೆಯ ಮೊಟ್ಟೆ. ಸಸ್ಯಾಹಾರಿ ಹೋಟೆಲಿನವರ ಮನೆಯ ಡಬ್ಬಿಯಲ್ಲಿ, ಅದೂ ನನ್ನ ಅತ್ತೆಯ ಹೆಸರು ಕೊರೆಸಿದ ಡಬ್ಬಿಯಲ್ಲಿ ಮೊಟ್ಟೆ! ಇವುಗಳ ಅಪ್ಪ ಅಮ್ಮ ಎರಡೂ ಬೂದು ಮೈಯವು, ಎರಡು ಪಟ್ಟೆ, ಮುತ್ತುಕಣ್ಣು, ಸಾರ್‌ಗೆ ಗೊತ್ತಾಗುವುದಿಲ್ಲ ಎಂದು ತಮಿಳಿನಲ್ಲಿ ಪಿಸುಗುಟ್ಟಿ ಮೆಟ್ಟಿಲಿಳಿದು ಹೋದರು. ಆ ಪಟ್ಟೆ, ಆ ಕಣ್ಣು ತಂದೆತಾಯಿ ಇಬ್ಬರಲ್ಲೂ ಇದ್ದರೆ ಮರಿಗಳಲ್ಲೂ ತಪ್ಪದೆ ಬರುತ್ತವೆ, ಅದು ನನಗೂ ಗೊತ್ತು. ಇಷ್ಟು ವರ್ಷ ಕಲಿಸಿದ ವಿದ್ಯೆ ಕೊನೆಗೆ ಗಂಡನಿಗೆ ಮೋಸ ಮಾಡಲು ಉಪಯೋಗಕ್ಕೆ ಬಂತು.

ಒಂದು ಗೂಡಿನಲ್ಲಿ ಅಣ್ಣ ತಂಗಿ ಜೋಡಿಯ ಎರಡು ಮೊಟ್ಟೆಗಳಿದ್ದವು. ಮೊಬೈಲಿನ ದೀಪ ಹಿಡಿದು ನೋಡಿದೆ. ಜೀವ ಇದ್ದರೆ ಒಳಗೆ ಕೆಂಪು ನರಗಳ ಜಾಲ ಕಾಣಬೇಕು. ಇವುಗಳಲ್ಲಿ ಬರೀ ಹಳದಿ ನೀರು. ಅವನ್ನು ತೆಗೆದೆ, ರಾಯಪುರಂನ ಎರಡನ್ನೂ ಇಟ್ಟೆ. ತಾಯಿ ಹಕ್ಕಿ ಕೊಕ್ಕಿನಿಂದ ಒಂದು ಸಲ ತಿರುಗಿಸಿ ನೋಡಿ, ಮೇಲೆ ಕುಳಿತುಕೊಂಡಿತು. ಅದಕ್ಕೆ ವಂಶಾವಳಿ ಪುಸ್ತಕದ ಚಿಂತೆ ಇರಲಿಲ್ಲ. ನನಗೆ ಇತ್ತು. ಎಸೆದಿದ್ದು ಸತ್ತ ಮೊಟ್ಟೆಯೇ ಎಂದು ಬಸ್ಸಿನಲ್ಲಿ ಅಡ್ಯಾರು ತಲುಪುವ ತನಕ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮರಿಗಳು ಬಂದವು. ಒಂದು ಗಂಡು, ಒಂದು ಹೆಣ್ಣು, ಎರಡೂ ಚುರುಕು. ಏಳನೆಯ ದಿನಕ್ಕೆ ಇವರು ಕಾಲಿಗೆ ಉಂಗುರ ಹಾಕಿ, ಪುಸ್ತಕದಲ್ಲಿ ಬರೆದು, ಮಗಳನ್ನು ಕೂಗಿ ತೋರಿಸಿದರು. "ನೋಡಿದ್ಯಾ? ಶುದ್ಧ ರಕ್ತ ಅಂದ್ರೆ ಇದು. ನಿನ್ನ ಅಮ್ಮ ಎಂತೆಂತದೋ ಹೇಳ್ತಾಳೆ!" ನಾನು ಸೌತೆಕಾಯಿ ಹೆಚ್ಚುತ್ತಲೇ ಇದ್ದೆ. ಬೆಳೆದ ಮೇಲೆ ಅವೆರಡನ್ನೂ ತಮ್ಮ ಅತ್ಯುತ್ತಮ ಹಕ್ಕಿಗಳಿಗೆ ಜೋಡಿ ಮಾಡಿದರು. ಆ ಜೋಡಿಗಳ ಮೊಟ್ಟೆ ಒಂದೂ ಕೆಡಲಿಲ್ಲ. ಮೂರು ವರ್ಷ ಇವರು ಊರೆಲ್ಲ ಬೀಗಿದ್ದೇ ಬೀಗಿದ್ದು. ಇಡ್ಲಿಗೆ ಬಂದವರೂ ಕಾಪಿಗೆ ಬಂದವರೂ ಶುದ್ಧ ರಕ್ತದ ಕಥೆ ಕೇಳದೆ ಕೈ ತೊಳೆಯುವಂತಿರಲಿಲ್ಲ. ರಾಯಪುರಂನವರು ಒಮ್ಮೆ ಬಂದು, ಎಲ್ಲ ಕೇಳಿ, ನನ್ನ ಕಡೆ ತಿರುಗದೆ, ಇನ್ನೊಂದು ವಡೆ ತರಿಸಿಕೊಂಡು ತಿಂದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ರೋಗ ಬಂತು. ಕತ್ತು ತಿರುಚುವ ರೋಗ. ಮೊದಲು ಒಂದು ಹಕ್ಕಿ ವಿಪರೀತ ನೀರು ಕುಡಿಯಿತು. ಆಮೇಲೆ ಕಾಳಿನ ಪಕ್ಕಕ್ಕೆ ಕುಕ್ಕತೊಡಗಿತು. ಕಾಳು ಇಲ್ಲಿದ್ದರೆ ಕೊಕ್ಕು ಒಂದು ಬೆರಳು ಆಚೆ ಬೀಳುತ್ತಿತ್ತು, ಮತ್ತೆ ಮತ್ತೆ. ಎದುರಿಗೆ ಬಟ್ಟಲು ತುಂಬ ಕಾಳಿದ್ದೂ ಉಪವಾಸ. ಮೂರನೆಯ ದಿನ ಕತ್ತು ತಿರುಗಿ ತಲೆ ಕೆಳಗಾಯಿತು. ವೈದ್ಯರನ್ನು ಕರೆಸಿದೆವು, ಔಷಧ ಹಾಕಿದೆವು, ಲಸಿಕೆಯೂ ಹಾಕಿಸಿದೆವು. ತಡವಾಗಿತ್ತು.

ಇವರು ಹೋಟೆಲಿಗೆ ಇಳಿಯುವುದನ್ನೇ ಬಿಟ್ಟರು. ಬೆಳಗಿನಿಂದ ಸಂಜೆಯವರೆಗೆ ಒಂದೊಂದು ಹಕ್ಕಿಯನ್ನೂ ಮಡಿಲಲ್ಲಿ ಇಟ್ಟುಕೊಂಡು, ನೆನೆಸಿದ ಕಾಳನ್ನು ಒಂದೊಂದಾಗಿ ಬಾಯಿಗೆ ಇಟ್ಟು, ಗಂಟಲು ಸವರಿ ನುಂಗಿಸುತ್ತಿದ್ದರು. ನನಗೆ ಅವರ ಮೇಲೆ ಕೆಂಡದಂಥ ಕೋಪ. ಆದರೂ ಶಾಲೆಯಿಂದ ಬಂದ ಕೂಡಲೇ ಸೀರೆ ಸಹ ಬದಲಿಸದೆ ಪಕ್ಕದಲ್ಲಿ ಕುಳಿತು ನಾನೂ ಕಾಳು ನುಂಗಿಸುತ್ತಿದ್ದೆ. ಮೂವತ್ತಾರು ಹಕ್ಕಿಗಳಲ್ಲಿ ಮೂರು ವಾರದ ಮೇಲೆ ಹತ್ತು ಉಳಿದವು. ಉಳಿದವುಗಳ ಉಂಗುರದ ನಂಬರನ್ನು ನಾನು ಒಬ್ಬಳೇ ಕುಳಿತು ನೋಡಿದೆ. ಒಂಬತ್ತು, ಆ ಎರಡು ಮೊಟ್ಟೆಗಳ ಸಂತಾನ. ಒಂದು ಮಾತ್ರ ಮಾವನ ಹಕ್ಕಿಯ ಶುದ್ಧ ವಂಶದ ಮುದಿ ಹೆಣ್ಣು. ಬೆರಕೆಯವೂ ಕೆಲವು ಸತ್ತಿದ್ದವು, ಅದನ್ನೂ ಹೇಳಬೇಕು. ಇದೇ ಸಾಕ್ಷಿ ಎಂದು ನನ್ನ ವಿದ್ಯಾರ್ಥಿ ಯಾರಾದರೂ ಬರೆದರೆ ನಾನು ಅಂಕ ಕಡಿಮೆ ಮಾಡುತ್ತೇನೆ. ಒಂದು ತಾರಸಿಯಿಂದ ಲೋಕನಿಯಮ ಹೇಳಲು ಆಗುವುದಿಲ್ಲ. ಆದರೆ ಆ ಗೂಡು ಪೂರ್ತಿ ಖಾಲಿಯಾಗದಿದ್ದದ್ದು ಯಾಕೆ ಎಂದು ನನಗೆ ಗೊತ್ತಿತ್ತು.

ಇವರಿಗೂ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಿದ್ದರು. ಪೊಂಗಲ್ ಕಳೆದ ಮೇಲೆ ಒಂದು ಬೆಳಗ್ಗೆ ಬಿಸಿಲಿನಲ್ಲಿ ಒಂದು ಗಂಡು ಹಕ್ಕಿಯನ್ನು ಹಿಡಿದು, ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಸಣ್ಣ ಭೂತಗನ್ನಡಿಯಿಂದ ಅದರ ಕಣ್ಣು ನೋಡುತ್ತಿದ್ದರು. ಕಣ್ಣಿನ ಗೆರೆಯಲ್ಲಿ ವಂಶ ಕಾಣುತ್ತದೆ ಎಂಬುದು ಇವರ ನಂಬಿಕೆ. ಎಷ್ಟೋ ದಿನದ ಮೇಲೆ ಮುಖದಲ್ಲಿ ಕಳೆ ಬಂದಿತ್ತು.

"ಬಾ, ನೋಡು. ಅಪ್ಪನ ಹಕ್ಕಿಯದ್ದೇ ಕಣ್ಣು! ಇಷ್ಟು ದೊಡ್ಡ ರೋಗ ಬಂದ್ರೂ ಅಪ್ಪನ ರಕ್ತ ಉಳಿಯಿತು. ಇನ್ನು ಇವುಗಳಲ್ಲೇ ಅಣ್ಣ ತಂಗಿ ಜೋಡಿ ಮಾಡ್ತೇನೆ. ಹೊರಗಿನದ್ದು ಒಂದು ರೆಕ್ಕೆ ಸಹ ಒಳಗೆ ಬರ್ಲಿಕ್ಕಿಲ್ಲ."

ನನ್ನ ತಲೆ ಚಿಟ್ಟು ಹಿಡಿಯಿತು. ಸುಮ್ಮನಿದ್ದರೆ ಆ ಹತ್ತು ಹಕ್ಕಿಗಳನ್ನೂ ಮತ್ತೆ ಒಂದಕ್ಕೊಂದು ಗಂಟು ಹಾಕಿ, ಮುಂದಿನ ರೋಗಕ್ಕೆ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಹೇಳಿದರೆ, ಅಪ್ಪನಿಗೆ ಕೊಟ್ಟ ಮಾತು ಮೂರು ವರ್ಷದ ಹಿಂದೆಯೇ ಮುರಿದಿದೆ, ಮುರಿದವಳು ಹೆಂಡತಿ ಎಂದು ತಿಳಿಯುತ್ತದೆ. ಹೇಳಿಬಿಟ್ಟೆ. ಸೊಟ್ಟಕಾಲಿನ ಮರಿ, ರಾಯಪುರಂನವರು, ಪತ್ರೊಡೆ, ಮೊಟ್ಟೆ, ಮೊಬೈಲಿನ ದೀಪ, ಎಲ್ಲವನ್ನೂ. ಅವರು ಹಕ್ಕಿಯನ್ನು ಕೆಳಗೆ ಬಿಟ್ಟರು.

"ಯಾವ ಡಬ್ಬಿಯಲ್ಲಿ?"

"ಪತ್ರೊಡೆ ಡಬ್ಬಿ."

"ಅಮ್ಮನ ಡಬ್ಬಿಯಾ?"

ಎಂಟು ವರ್ಷದ ಜಗಳ, ಮೂರು ವರ್ಷದ ಗುಟ್ಟು, ಇಪ್ಪತ್ತಾರು ಹಕ್ಕಿಗಳ ಸಾವು, ಇಷ್ಟೆಲ್ಲ ಆಗಿ ಈ ಮನುಷ್ಯನಿಗೆ ಕಂಡದ್ದು ಡಬ್ಬಿ. ನಾನು ದಡದಡನೆ ಮೆಟ್ಟಿಲಿಳಿದು ಬಂದೆ.

ಐದು ದಿನ ಮಾತಿಲ್ಲ. ಮನೆಯಲ್ಲಿ ಮೂರೇ ಜನ, ಅದರಲ್ಲಿ ಮಗಳೇ ತಂತಿ ಸೇವೆ. "ಅಮ್ಮಾ, ಅಪ್ಪಾ ಕಣ್ಣಾಡಿ ಎಂಗನ್ನು ಕೇಕ್ಕುರಾರು." ಕನ್ನಡಕ ಅವರ ಹಣೆಯ ಮೇಲೇ ಇದೆ ಎಂದು ನಾನು ಕನ್ನಡದಲ್ಲಿ ಹೇಳಿದರೆ, ಅವಳು ಅದನ್ನು ತಮಿಳಿನಲ್ಲಿ ಎರಡಡಿ ದೂರದಲ್ಲಿ ಕುಳಿತ ಅಪ್ಪನಿಗೆ ದಾಟಿಸುತ್ತಿದ್ದಳು.

ಆರನೆಯ ದಿನ ಭಾನುವಾರ. ಬೆಳಗ್ಗೆ ನೋಡುತ್ತೇನೆ, ಇವರು ಜರಿಯಂಚಿನ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡು, ಹರಿವಾಣದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಹೋಟೆಲಿನ ಹಲ್ವದ ಪೊಟ್ಟಣ ಜೋಡಿಸುತ್ತಿದ್ದಾರೆ.

"ಎಲ್ಲಿಗೆ?" ಎಂದೆ, ಮೌನ ಮುರಿದದ್ದಕ್ಕೆ ನನ್ನ ಮೇಲೆಯೇ ಸಿಟ್ಟಾಗುತ್ತಾ.

"ರಾಯಪುರಂಗೆ. ಹೆಣ್ಣು ಕೇಳ್ಲಿಕ್ಕೆ ಹೋಗುವಾಗ ಕೈ ಬೀಸಿಕೊಂಡು ಹೋಗ್ಲಿಕ್ಕಾಗ್ತದಾ? ನೀನೂ ಸೀರೆ ಉಟ್ಕೊ."

ಹಾಗೆ ನಾವಿಬ್ಬರೂ ಆಟೋ ಹಿಡಿದು ಒಂದು ಹೆಣ್ಣು ಪಾರಿವಾಳ ಕೇಳಲು ಹೋದೆವು. ಒಣಮೀನಿನ ವಾಸನೆಯ ಗಲ್ಲಿಯಲ್ಲಿ ಇವರು ಪಂಚೆಯ ಅಂಚು ಎತ್ತಿ ಹಿಡಿದು, ಹರಿವಾಣವನ್ನು ಎದೆಗೊತ್ತಿಕೊಂಡು ನಡೆದರು. ರಾಯಪುರಂನ ಯಜಮಾನರು ನಗಲಿಲ್ಲ. ಹರಿವಾಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೆಂಡತಿಗೆ ಕೊಟ್ಟು, ಟೀ ಮಾಡಿಸಿದರು. ಹೊರಗೆ ಎಲ್ಲೂ ನೀರು ಸಹ ಮುಟ್ಟದ ಇವರು ಅದನ್ನು ಪೂರ್ತಿ ಕುಡಿದರು. ಅಲ್ಲಿಗೂ ರೋಗ ಬಂದಿತ್ತು, ಅವರೂ ಕೆಲವನ್ನು ಕಳೆದುಕೊಂಡಿದ್ದರು, ಆದರೆ ಗೂಡಿನ ತುಂಬ ಗಲಾಟೆ ಇತ್ತು. ಮತ್ತೆ ಮುತ್ತುಕಣ್ಣಿನ ಬೂದು ಹಕ್ಕಿಯನ್ನೇ ಆರಿಸುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಇವರು ಒಂದು ಕೆಂಪು ಹೆಣ್ಣನ್ನು ತೋರಿಸಿದರು. ಎಷ್ಟು ದೂರದಿಂದ ನೋಡಿದರೂ ನಮ್ಮ ಗೂಡಿನದ್ದಲ್ಲ ಎಂದು ತಿಳಿಯುವಂಥ ಕೆಂಪು.

ವಾಪಸು ಬರುವಾಗ ಹಕ್ಕಿಯ ಬುಟ್ಟಿ ನನ್ನ ಮಡಿಲಲ್ಲಿತ್ತು. ವ್ಯಾಸರಪಾಡಿ ಸುರಂಗದ ಹತ್ತಿರ ವಾಹನಗಳು ಸಿಕ್ಕಿಹಾಕಿಕೊಂಡು ಆಟೋ ನಿಂತಿತು. ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು. ಆ ಗದ್ದಲದ ನಡುವೆ ಇವರು ಮುಂದೆ ನೋಡುತ್ತಲೇ ಹೇಳಿದರು.

"ಆ ಕಾಗದ ಉಂಟಲ್ಲ, ಆಸ್ಪತ್ರೆದು. ಅದು ನರ್ಸಿನ ತಪ್ಪಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ.

"ನೀನು ವಾರ್ಡಿನಲ್ಲಿ ಮಲಗಿದ್ದೆ. ಹೊರಗೆ ನನ್ನನ್ನು ಕೇಳಿದ್ರು, ನೀವು ಸಂಬಂಧವಾ ಅಂತ. ಎಂತಕ್ಕೆ ಕೇಳ್ತೀರಿ ಅಂದೆ. ಸಂಬಂಧದಲ್ಲಿ ಮದುವೆ ಆದ್ರೆ ಮಕ್ಕಳಿಗೆ ಹೀಗೆ ಆಗುವುದುಂಟು ಅಂದ್ರು. ಪಕ್ಕದಲ್ಲಿ ನನ್ನ ಅಪ್ಪ ನಿಂತಿದ್ರು, ನಿನ್ನ ಅಪ್ಪನೂ ಇದ್ರು. ಇಬ್ಬರೂ ಸೇರಿ ಮಾಡಿದ ಮದುವೆ. ನಾನು ಇಲ್ಲ ಅಂದೆ."

ಇಪ್ಪತ್ತಾರು ವರ್ಷ. ಇಪ್ಪತ್ತಾರು ವರ್ಷ ನಾನು ಯಾರೋ ಒಬ್ಬಳನ್ನು ಶಪಿಸಿದ್ದೇನೆ. ಇಪ್ಪತ್ತನಾಲ್ಕು ವರ್ಷ ಸಾವಿರಾರು ಮಕ್ಕಳ ಎದುರು ಅವಳ ಮಾನ ತೆಗೆದಿದ್ದೇನೆ. ಅವಳು ಕೇಳಿಯೇ ಬರೆದಿದ್ದಳು. ಈ ಮನುಷ್ಯನನ್ನು ಆಟೋದಿಂದ ತಳ್ಳಿಬಿಡಬೇಕು ಎನ್ನಿಸಿತು. ಅಳು ಬಂತು, ಅದೂ ಸರಿಯಾಗಿ ಬರಲಿಲ್ಲ. ಬಾಯಿಗೆ ಬಂದದ್ದು ಒಂದೇ.

"ಹೇಳಿದ್ದರೆ ಅವನು ಉಳಿಯುತ್ತಿದ್ದನಾ?"

"ಗೊತ್ತಿಲ್ಲ," ಎಂದರು. "ಅದನ್ನೇ ದಿನಾ ತಾರಸಿ ಮೇಲೆ ಕೂತು ಯೋಚನೆ ಮಾಡ್ತೇನೆ. ತಪ್ಪು ರಕ್ತದಲ್ಲಿ ಅಲ್ಲ ಅಂತ ಆ ಹಕ್ಕಿಗಳಾದ್ರೂ ತೋರಿಸಿಕೊಡ್ತಾವೆ ಅಂತ ಇದ್ದೆ."

ಮನೆಗೆ ಬಂದ ಮೇಲೆ ಇವರು ವಂಶಾವಳಿ ಪುಸ್ತಕ ತಂದು, ಆ ಎರಡು ಮರಿಗಳ ಪುಟ ತೆರೆದು, ಅಪ್ಪ ಅಮ್ಮನ ಹೆಸರು ಹೊಡೆದುಹಾಕಿ ಸರಿಯಾದದ್ದನ್ನು ಬರೆಯೆಂದು ನನ್ನ ಕೈಗೆ ಪೆನ್ನು ಕೊಟ್ಟರು. ಎರಡು ಕಡೆಯೂ 'ರಾಯಪುರಂ' ಎಂದು ಬರೆದೆ. ಆಮೇಲೆ ಕಪಾಟಿನ ತಳದಲ್ಲಿ ಸೀರೆಗಳ ಕೆಳಗಿದ್ದ ಆಸ್ಪತ್ರೆಯ ಕಾಗದವನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ, ಪೆನ್ನನ್ನು ಅವರ ಕೈಗೆ ವಾಪಸು ಕೊಟ್ಟೆ. ಹಕ್ಕಿಯ ಕಣ್ಣು ನೋಡುವ ಅದೇ ಗಾಜನ್ನು ಹಿಡಿದು ಅವರು ಆ ಪ್ರಶ್ನೆ ಎಲ್ಲಿದೆ ಎಂದು ಹುಡುಕತೊಡಗಿದರು. ಎಲ್ಲಿದೆ ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು, ಆದರೆ ನಾನು ತೋರಿಸಲಿಲ್ಲ.